ಅಕ್ಷರ ಬಾರದ ನನ್ನ ಓದುಗ

ನನ್ನ ಗಂಡನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಬೆಂಗಳೂರಿನವರು ಹುಬ್ಬೇರಿಸುತ್ತಾರೆ, ಕವಯಿತ್ರಿಯ ಗಂಡನಿಗೆ ಕನ್ನಡ ಬಾರದೇ ಎಂದು. ಬಾರದೆ ಏನು, ಮನೆಯಲ್ಲಿ ಎದ್ದರೂ ಕೂತರೂ ಕನ್ನಡವೇ. ಅವರ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆ ಅದು. ದೇವರ ಮುಂದೆ ಕನ್ನಡ, ಅಡುಗೆಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು, ಜೋರು ಜಗಳಕ್ಕೂ ತಮಿಳೇ. ಆದರೆ ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷು. ಹೀಗಾಗಿ ಕನ್ನಡ ಅವರ ಕಿವಿಯಲ್ಲಿತ್ತು, ನಾಲಿಗೆಯಲ್ಲಿತ್ತು, ಕಣ್ಣಿಗೆ ಮಾತ್ರ ಅದರ ಪರಿಚಯ ಇರಲಿಲ್ಲ. ಮದುವೆಯಾಗಿ ಮೈಸೂರಿನಿಂದ ಮದ್ರಾಸಿನ ವಡಪಳನಿಗೆ ಬಂದ ಹೊಸದರಲ್ಲಿ, ನನ್ನ ಕವಿತೆ ಅಚ್ಚಾಗಿದ್ದ ಮಾಸಪತ್ರಿಕೆಯನ್ನು ಜಂಬದಿಂದ ಅವರ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು, ಪಕ್ಕದಲ್ಲಿದ್ದ ಚಿತ್ರ ಚೆನ್ನಾಗಿದೆ ಎಂದರು, ವಾಪಸು ಕೊಟ್ಟರು.

"ನೀನೇ ಹೇಳು ಮಾ," ಅಂದರು. "ನಾನು ಕೇಳ್ತೀನಿ."

ಹೇಳಿದೆ. ಅಂದಿನಿಂದ ನನ್ನ ಕವಿತೆಗಳೆಲ್ಲ ಮೊದಲು ಅವರ ಕಿವಿಗೆ ಬಿದ್ದು, ಆಮೇಲೆ ಅಂಚೆಗೆ ಬಿದ್ದವು. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕಾಫಿ ಲೋಟ ಹಿಡಿದು ಕೂರುತ್ತಿದ್ದರು. ನಾನು ಹುಳಿಗೆ ಬೇಳೆ ಬೇಯಲು ಇಟ್ಟು ಕವಿತೆ ಹೇಳುತ್ತಿದ್ದೆ. ಕೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ರೂಢಿ. ಯಾವ ಸಾಲಿಗೆ ಅವರ ಕಣ್ಣು ತೆರೆಯಿತೋ ಆ ಸಾಲು ಕೆಟ್ಟಿದೆ ಎಂದರ್ಥ. "ಇಲ್ಲಿ ಉಸಿರು ಸಿಗಲ್ಲ ಮಾ," ಅನ್ನುವರು. "ಈ ಮಾತು ನೀನು ಆಡೋ ಮಾತಲ್ಲ, ಎಲ್ಲಿಂದ ತಂದೆ?" ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಆ ಸಾಲನ್ನು ತಿದ್ದುತ್ತಿದ್ದೆ.

ಅವರ ಕೆಲಸವೇ ಕಿವಿಯದು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಡಬ್ಬಿಂಗ್ ಸ್ಟುಡಿಯೊ ಒಂದರಲ್ಲಿ ಅವರು ದನಿ ಮುದ್ರಿಸುತ್ತಿದ್ದರು. ಗಾಜಿನ ಆಚೆ ಕಲಾವಿದರು ಪರದೆಯ ಮೇಲಿನ ತುಟಿಗಳಿಗೆ ತಮ್ಮ ಮಾತು ಕೂಡಿಸುತ್ತಾರೆ. ಗಾಜಿನ ಈಚೆ ಇವರು ಹೆಡ್‌ಫೋನ್ ಹಾಕಿಕೊಂಡು, ಮಾತು ತುಟಿಗೆ ಕೂತಿತೇ ಇಲ್ಲವೇ ಎಂದು ನೋಡುತ್ತಾರೆ. ಬದುಕಿಡೀ ತುಟಿ ನೋಡಿದ ಮನುಷ್ಯ. ಪರದೆಯ ಮೇಲೆ ಸದ್ದಿಲ್ಲದೆ ಓಡುವ ದೃಶ್ಯ ನೋಡಿಯೇ ಮಾತು ಹೇಳಿಬಿಡುತ್ತಿದ್ದರು. ಅದನ್ನು ನಾವೆಲ್ಲ ಒಂದು ತಮಾಷೆ ಅಂದುಕೊಂಡಿದ್ದೆವು.

ಕೈಪಂಪಿನ ಕವಿತೆಯೂ ಆ ಸ್ಟೂಲಿನ ಮುಂದೆಯೇ ಹುಟ್ಟಿದ್ದು. ನಮ್ಮ ಫ್ಲ್ಯಾಟಿನ ಅಂಗಳದಲ್ಲಿ ಒಂದು ಹಳೆಯ ಕೈಪಂಪು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕೊಡಗಳ ಸಾಲು.

ಪಂಪಿನ ಕೈ ಏರಿತು, ಇಳಿಯಿತು,
ಮೊದಲು ಬರಿಯ ಕೆಮ್ಮು,
ಆಮೇಲೆ ನೀರು.

ಹೀಗೆ ಶುರುವಾಗುತ್ತದೆ. ಮೂರನೆಯ ಚರಣದಲ್ಲಿ ನಾನು ಸುಮ್ಮನೆ ಕೊಡ ತುಂಬಿತು ಎಂದು ಬರೆದಿದ್ದೆ. ಅವರ ಕಣ್ಣು ತೆರೆಯಿತು.

"ತುಂಬೋದು ಕಾಣಕ್ಕೆ ಮುಂಚೆ ಕೇಳತ್ತೆ ಮಾ. ಅಡೀಲಿ ಇರೋವಾಗ ದಪ್ಪ ಸದ್ದು. ಕುತ್ತಿಗೆಗೆ ಬಂದಾಗ ಸಣ್ಣ ಸದ್ದು. ನೀನು ಕೊಡ ಹಿಡಿದಿದ್ದೀಯೋ ಇಲ್ವೋ?"

ಹಿಡಿಯದೆ ಏನು. ಆ ಬೇಸಿಗೆಯೆಲ್ಲ ಹಿಡಿದವಳು ನಾನೇ, ಇವರು ಸ್ಟುಡಿಯೊದ ಏಸಿಯಲ್ಲಿ ಕೂತಿದ್ದರು. ಆದರೂ ಮಾತು ನಿಜವಾಗಿತ್ತು, ತಿದ್ದಿದೆ.

ಕೊಡ ತುಂಬಿದ್ದು
ಕಣ್ಣಿಗಿಂತ ಮುಂಚೆ ಕಿವಿಗೆ ಗೊತ್ತಾಯಿತು,
ಸದ್ದು ಸಣ್ಣಗಾಗುತ್ತ ಕೊರಳಿಗೆ ಬಂತು.

ಆ ಚರಣ ಅವರದೇ ಎಂಬಂತೆ ಓಡಾಡಿದರು. ಸ್ನಾನದ ಮನೆಯಲ್ಲಿ ಬಕೆಟ್ ತುಂಬುವಾಗಲೆಲ್ಲ ಅದನ್ನು ಹೇಳಿಕೊಳ್ಳುತ್ತಿದ್ದರು.

ಅವರು ನಿವೃತ್ತರಾಗಿ ಒಂದೆರಡು ವರ್ಷ ಕಳೆದ ಮೇಲೆ ನಾದಿನಿಯ ಮಗಳು ಬಂದಳು. ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗಿ. ತಿಂಗಳಿಗೊಮ್ಮೆ ಎಗ್ಮೋರಿನ ಹಳೆಯ ಕಟ್ಟಡವೊಂದರ ಮಹಡಿಯ ಕೆಫೆಯಲ್ಲಿ ಗೆಳೆಯರನ್ನು ಸೇರಿಸಿ ಸ್ಪೋಕನ್ ವರ್ಡ್ ನಡೆಸುತ್ತಿದ್ದಳು. ಯಾರು ಬೇಕಾದರೂ ಮೈಕಿನ ಮುಂದೆ ನಿಂತು ತಮ್ಮ ಕವಿತೆಯನ್ನು ಮಾತಾಡಬಹುದು. ತಮಿಳು, ಇಂಗ್ಲಿಷು, ಮಲಯಾಳಂ ಎಲ್ಲ ಆಗಿತ್ತು, ಕನ್ನಡ ಒಂದೇ ಬಾಕಿ. ಅದಕ್ಕೆ ಅವಳ ಮಾಮಿಯೇ, ಅಂದರೆ ನಾನೇ, ಬೇಕಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ನಾನು ಕೈಪಂಪಿನ ಕವಿತೆಯನ್ನು ಹಾಳೆ ಹಿಡಿದು ಓದಿ ತೋರಿಸಿದೆ. ಅವಳು ತಲೆ ಅಲ್ಲಾಡಿಸಿದಳು.

"ಮಾಮಿ, ಪಡಿಕ್ಕಾದೀಂಗ, ಪೇಸುಂಗ," ಅಂದಳು. ಓದಬೇಡಿ, ಮಾತಾಡಿ ಎಂದು.

"ಇಷ್ಟು ಹೊತ್ತು ನಾನು ಏನು ಮಾಡ್ತಿದ್ದೆ, ಹಲ್ಲುಜ್ಜುತ್ತಿದ್ನಾ?" ಅಂದೆ.

ಅವಳು ಜಗ್ಗಲಿಲ್ಲ. ಹಾಳೆ ಕಿತ್ತಿಟ್ಟಳು. ಮೊದಲ ಸಾಲನ್ನು ನಡುನಡುವೆ ಮತ್ತೆ ಮತ್ತೆ ತರಬೇಕಂತೆ. ಕೈ ಸುಮ್ಮನೆ ಜೋತು ಬೀಳಬಾರದಂತೆ. ಮತ್ತು ಮೂರನೆಯ ಚರಣ ಬೇಡವಂತೆ. ಪುಸ್ತಕದಲ್ಲಿ ಸರಿ, ಆದರೆ ಮೈಕಿನ ಮುಂದೆ ಅದು ವೇಗವನ್ನು ಕೊಲ್ಲುತ್ತದೆ ಎಂದು ಅವಳ ವಾದ. ಅದರ ಜಾಗದಲ್ಲಿ ಮೊದಲ ಚರಣಕ್ಕೇ ಮರಳಿ, ದನಿ ಏರಿಸಿ, ಆಮೇಲೆ ಹೊಸದಾಗಿ ನಾಲ್ಕು ಸಾಲು ಸೇರಿಸಿ ಮುಗಿಸಬೇಕು.

ನಾನು ವಾದ ಮಾಡಿದೆ. ನಮ್ಮ ಕವಿಗೋಷ್ಠಿಗಳ ಮೇಲೆ ನನಗೇನೂ ಮಮಕಾರ ಇಲ್ಲ. ಕವಿ ಹಾಳೆಯ ಹಿಂದೆ ಮುಖ ಮುಚ್ಚಿಕೊಂಡು ಒಂದೊಂದು ಸಾಲನ್ನೂ ಎರಡೆರಡು ಸಲ ಓದುತ್ತಾನೆ, ಅಧ್ಯಕ್ಷರು ಗಡಿಯಾರ ನೋಡುತ್ತಾರೆ, ಜನ ಉಪ್ಪಿಟ್ಟಿನ ವಾಸನೆಗೆ ಕಾಯುತ್ತಾರೆ. ಆದರೆ ಅಚ್ಚಾದ ಕವಿತೆಗೆ ಒಂದು ಮರ್ಯಾದೆ ಇದೆ. ಅದು ಬದಲಾಗುವುದಿಲ್ಲ. ಎರಡು ಚರಣಗಳ ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಓದುವವನು ತನಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ನಾನು ಅಲ್ಲಿ ಇರಬೇಕಾಗಿಲ್ಲ, ಬದುಕಿಯೂ ಇರಬೇಕಾಗಿಲ್ಲ. ಮೈಕಿನ ಮುಂದೆ ಆ ಖಾಲಿ ಜಾಗವನ್ನು ನಾನೇ ಹೊತ್ತು ನಿಲ್ಲಬೇಕು. ಒಂದು ಗಳಿಗೆ ಹೆಚ್ಚಾದರೆ ಮರೆತುಹೋಯಿತೇನೋ ಪಾಪ ಅಂತಾರೆ. ಅವಳು ಎಲ್ಲವನ್ನೂ ಕೇಳಿ, ಪುಸ್ತಕದ ಕವಿತೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಮಾಮಿ, ಇದು ಈ ಒಂದು ಸಾಯಂಕಾಲಕ್ಕೆ ಮಾತ್ರ ಎಂದಳು. ಒಪ್ಪಿದೆ. ಹೊಸ ರೂಪವನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಹಾಕುತ್ತ ಅಭ್ಯಾಸ ಮಾಡಿಕೊಂಡೆ. ಗಂಡನಿಗೆ ಹೇಳಿ ತೋರಿಸಲಿಲ್ಲ. ಎದುರಿಗೇ ಕೂತು ಕೇಳಲಿ, ಬೆರಗಾಗಲಿ ಎಂದು ಒಂದು ಆಸೆ.

ಭಾನುವಾರ ಸಾಯಂಕಾಲ ಹೋದೆವು. ಕೆಫೆಯ ತುಂಬ ಹುಡುಗ ಹುಡುಗಿಯರು, ನೆಲದ ಮೇಲೂ ಕೂತಿದ್ದರು. ನನ್ನ ಗಂಡನನ್ನು ಮುಂದಿನ ಸಾಲಿನಲ್ಲಿ ಮಧ್ಯದಲ್ಲೇ ಕೂರಿಸಿದರು. ನನಗಿಂತ ಮೊದಲು ಒಬ್ಬ ಹುಡುಗ ತಮಿಳಿನಲ್ಲಿ ತನ್ನ ಅಪ್ಪನ ಬಗ್ಗೆ ಮಾತಾಡಿದ. ಒಳ್ಳೆಯ ಸಾಲು ಬಂದಾಗಲೆಲ್ಲ ಎಲ್ಲರೂ ಬೆರಳಿನಲ್ಲಿ ಚಿಟಿಕೆ ಹೊಡೆದರು. ನಮ್ಮ ಮನೆಗಳಲ್ಲಿ ಚಿಟಿಕೆ ಹೊಡೆಯುವುದು ಆಕಳಿಕೆ ಬಂದಾಗ, ಬಾಯ ಮುಂದೆ, ನಾರಾಯಣ ಅಂದುಕೊಂಡು. ಅಯ್ಯೋ ಪಾಪ, ಇಷ್ಟು ಚೆನ್ನಾಗಿ ಹೇಳುತ್ತಿದ್ದಾನೆ, ಇವರಿಗೆಲ್ಲ ಆಕಳಿಕೆ ಬರುತ್ತಿದೆಯಲ್ಲ ಎಂದು ಮರುಗಿದೆ. ಅದು ಇಲ್ಲಿಯ ಚಪ್ಪಾಳೆ ಎಂದು ನಾದಿನಿಯ ಮಗಳು ಕಿವಿಯಲ್ಲಿ ಹೇಳಿದಾಗ ನಗು ತಡೆಯಲಾಗಲಿಲ್ಲ. ಅವರಿಗೂ ಕೈಸನ್ನೆಯಲ್ಲಿ ತಿಳಿಸಿದೆವು, ಅವರೂ ನಕ್ಕರು.

ನನ್ನ ಸರದಿ ಬಂತು. ಮೊದಲ ಚರಣ ಹೇಳಿದೆ. ಎದುರಿಗೆ ಅವರ ತುಟಿ ನನ್ನ ಜೊತೆ ಆಡುತ್ತಿತ್ತು. ಅವರಿಗೆ ನನ್ನ ಹಳೆಯ ಕವಿತೆಗಳೆಲ್ಲ ಬಾಯಿಪಾಠ. ಎರಡನೆಯದೂ ಹಾಗೆಯೇ ಆಯಿತು. ಆಮೇಲೆ ಹೊಸ ಕ್ರಮದಂತೆ ನಾನು ಮೊದಲ ಚರಣಕ್ಕೆ ಮರಳಿದೆ, ದನಿ ಏರಿಸಿದೆ, ಕೈ ಎತ್ತಿದೆ. ಬೆಳಕು ನನ್ನ ಮುಖದ ಮೇಲೆ ಜೋರಾಗಿತ್ತು. ಅವರಿಗೆ ನನ್ನ ಬಾಯಿ ಕಾಣದಂತೆ ಮೈಕು ಅಡ್ಡ ಇತ್ತು. ಅವರ ತುಟಿ ಮಾತ್ರ ನಿಧಾನವಾಗಿ, ತಪ್ಪದೆ, ನಾನು ಬಿಟ್ಟುಬಿಟ್ಟ ಮೂರನೆಯ ಚರಣವನ್ನು ಹೇಳುತ್ತಿತ್ತು. ಕೊಡ ತುಂಬಿದ್ದು ಕಣ್ಣಿಗಿಂತ ಮುಂಚೆ. ಕೊರಳಿಗೆ ಬಂತು ಎನ್ನುವಲ್ಲಿಗೆ ಮುಗಿಸಿದರು. ತೃಪ್ತಿಯಿಂದ ಒಮ್ಮೆ ತಲೆದೂಗಿದರು. ನಾನಿನ್ನೂ ಸಾಲಿನ ನಡುವೆ ಇದ್ದೆ, ಅವರು ಎರಡೂ ಕೈ ಎತ್ತಿ ಚಿಟಿಕೆ ಹೊಡೆಯತೊಡಗಿದರು.

ಜನ ಅದನ್ನು ಪ್ರೀತಿ ಅಂದುಕೊಂಡರು. ನಕ್ಕರು, ಎಲ್ಲರೂ ಅವರ ಜೊತೆ ಚಿಟಿಕೆ ಹೊಡೆದರು. ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ನನ್ನ ಗಂಡನಿಗೆ ನಾನು ಕೇಳಿಸುತ್ತಿಲ್ಲ. ಕೊನೆಯ ನಾಲ್ಕು ಸಾಲು ಹೇಳಿದೆನೋ ಬಿಟ್ಟೆನೋ ನೆನಪಿಲ್ಲ.

ಆಟೋದಲ್ಲಿ ಅವರು ಬೀದಿಯ ಕಡೆ ನೋಡುತ್ತ ಕೂತಿದ್ದರು. ನಾನು ಪಕ್ಕದಿಂದ ಹೇಳಿದೆ. "ಏನ್ರೀ, ನಾನು ಮನೆ ಬಿಟ್ಟು ಹೋಗ್ತೀನಿ." ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಆಟೋದವನು ಕನ್ನಡಿಯಲ್ಲಿ ನೋಡಿದ, ಇವರು ನೋಡಲಿಲ್ಲ. ಆಮೇಲೆ ತೋಳು ಮುಟ್ಟಿದೆ. ತಿರುಗಿ ನನ್ನ ಮುಖ ನೋಡಿದರು. ಮುಖದಲ್ಲಿ ಏನು ಕಂಡಿತೋ, ಅವರ ಮುಖವೂ ಇಳಿದುಹೋಯಿತು.

ಮನೆಯಲ್ಲಿ ದೀಪ ಹಚ್ಚಿ ಎದುರಿಗೆ ಕೂರಿಸಿಕೊಂಡು ಕೇಳಿದೆ, ಎಷ್ಟು ದಿನದಿಂದ ಎಂದು. ಕೆಲಸ ಬಿಡುವುದಕ್ಕೆ ಮೊದಲೇ ಶುರುವಾಗಿತ್ತಂತೆ. ಮೊದಲು ಸಣ್ಣ ಸದ್ದುಗಳು ಹೋದವಂತೆ, ಆಮೇಲೆ ಫೋನು, ಆಮೇಲೆ ನಾನು. ತುಟಿ ನೋಡಿ ನಡೆಸುತ್ತಿದ್ದರು. ಟೀವಿಯನ್ನು ಕೆಳಗೆ ಇಂಗ್ಲಿಷ್ ಅಕ್ಷರ ಬರುವ ಚಾನೆಲ್ಲಿಗೇ ಹಾಕುತ್ತಿದ್ದರು. ಆಗ ನನಗೆ ಒಂದೊಂದೇ ಹೊಳೆಯಿತು. ಕೆಲವು ಕಾಲದಿಂದ ಅವರು ಕವಿತೆ ಕೇಳುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ಸ್ಟೂಲು ಹತ್ತಿರ ಎಳೆದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದರು. ವಯಸ್ಸಾದ ಮೇಲೆ ಈ ಮನುಷ್ಯನಿಗೆ ಹೆಂಡತಿಯ ಮುಖ ನೋಡುವ ಬುದ್ಧಿ ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಸಾಲು ತಿದ್ದುವುದನ್ನೂ ನಿಲ್ಲಿಸಿದ್ದರು. ನನ್ನ ಕೈ ಪಳಗಿತು ಅಂದುಕೊಂಡಿದ್ದೆ.

"ಯಾಕ್ರೀ ಹೇಳ್ಲಿಲ್ಲ?" ಎಂದೆ, ಒಂದೊಂದು ಮಾತನ್ನೂ ತುಟಿಯಲ್ಲಿ ಬಿಡಿಸಿ.

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತೀಯ ಅಂತ ಭಯ ಮಾ," ಅಂದರು. "ಕಿವುಡಂಗೆ ಯಾರು ಕವಿತೆ ಹೇಳ್ತಾರೆ?"

ನಾನು ಅತ್ತೆ. ಅವರು ನನ್ನ ಬೆನ್ನು ತಟ್ಟುತ್ತ ಕೂತರು. ಕಿವಿ ಹೋದದ್ದು ಅವರದು, ಸಮಾಧಾನ ನನಗೆ.

ಡಾಕ್ಟರ ಹತ್ತಿರ ಹೋದೆವು. ಪರೀಕ್ಷೆಗೆ ಗಾಜಿನ ಕೋಣೆಯೊಳಗೆ ಕೂರಿಸಿ ಹೆಡ್‌ಫೋನ್ ಹಾಕಿದರು. ಜೀವಮಾನವೆಲ್ಲ ಗಾಜಿನ ಈಚೆ ಕೂತವರು ಅವತ್ತು ಒಳಗೆ ಕೂತು, ಸದ್ದು ಕೇಳಿದರೆ ಗುಂಡಿ ಒತ್ತಿ ಎಂದದ್ದಕ್ಕೆ ಸುಮ್ಮನೆ ಕಾಯುತ್ತಿದ್ದರು. ನೋಡಲಾಗದೆ ಹೊರಗೆ ಬಂದೆ. ವಯಸ್ಸೂ ಇದೆ, ಇಷ್ಟು ವರ್ಷ ಕಿವಿಯೊಳಗೆ ಸದ್ದು ಹಾಕಿಕೊಂಡದ್ದೂ ಇದೆ ಎಂದರು ಡಾಕ್ಟರು. ಯಂತ್ರ ಹಾಕಿದರೆ ಸದ್ದನ್ನು ದೊಡ್ಡದು ಮಾಡಬಹುದು, ಮಾತು ಬಿಡಿಯಾಗಿ ಕೇಳಿಸುತ್ತದೆಂದು ಭರವಸೆ ಕೊಡಲಾರೆ ಎಂದೂ ಹೇಳಿದರು. ಯಂತ್ರ ತಂದೆವು. ಕುಕ್ಕರಿನ ಕೂಗು ಬಂತು, ಕಾಗೆ ಬಂತು, ಬಸ್ಸಿನ ಹಾರನ್ ತಲೆ ಒಡೆಯುವಂತೆ ಬಂತು. ನನ್ನ ಕವಿತೆ ಮಾತ್ರ ಬರಲಿಲ್ಲ. "ಇದರಲ್ಲಿ ಬರೋದು ನಿನ್ನ ದನಿ ಅಲ್ಲ ಮಾ, ನಿನಗೆ ಬೇರೆ ಯಾರೋ ಡಬ್ ಮಾಡಿದ ಹಾಗಿದೆ," ಅಂದರು. ದಿನಕಳೆದಂತೆ ಆ ಸದ್ದೂ ಬರೀ ಗೊರಗೊರ ಆಯಿತು. ಯಂತ್ರ ಡಬ್ಬಿ ಸೇರಿತು.

ತುಟಿ ನೋಡಿ ಅವರು ಊಟಕ್ಕೆ ಬನ್ನಿ ಎನ್ನುವುದನ್ನು ಹಿಡಿಯಬಲ್ಲರು. ಹೊಸ ಕವಿತೆಯನ್ನು ಹಿಡಿಯಲಾರರು. ಮುಂದಿನ ಮಾತು ಏನೆಂದು ಊಹಿಸಲಾಗದಂತೆ ಬರೆಯುವುದೇ ನನ್ನ ಕಸುಬು, ಅದೇ ಈಗ ಅವರಿಗೆ ಅಡ್ಡ ಬಂತು. ತಮಿಳು ಲಿಪಿಯಲ್ಲಿ ಬರೆದುಕೊಡಲೇ ಎಂದೆ. ಬೇಡವೆಂದರು. "ನೀನು ಬರೆಯೋ ಅಕ್ಷರಾನೇ ಕಲಿಸು."

ಹೀಗೆ ಅರವತ್ತು ದಾಟಿದ ಶಿಷ್ಯ, ಅರವತ್ತಕ್ಕೆ ಹತ್ತಿರವಾದ ಮೇಷ್ಟರು. ಮೈಸೂರಿನಿಂದ ತರಿಸಿದ ಕಾಗುಣಿತದ ಪುಸ್ತಕ. ಕಲಿತದ್ದನ್ನು ಪಕ್ಕಾ ಮಾಡಿಕೊಳ್ಳಲು ಬೀದಿಯ ಬೋರ್ಡು ಓದೋಣವೆಂದರೆ ಚೆನ್ನೈನಲ್ಲಿ ಕನ್ನಡದ ಬೋರ್ಡು ಎಲ್ಲಿಂದ ಬರಬೇಕು? ಮನೆಯಲ್ಲಿದ್ದ ಕನ್ನಡವೆಂದರೆ ಪಂಚಾಂಗ ಮತ್ತು ನನ್ನ ಪುಸ್ತಕ. ಪಂಚಾಂಗದಲ್ಲಿ ಏಕಾದಶಿ ಓದಿದ ದಿನ ಮಗುವಿನಂತೆ ಕುಣಿದರು. ಒತ್ತಕ್ಷರ ಬಂದಾಗ ಬೆರಳು ಅಲ್ಲೇ ನಿಲ್ಲುತ್ತಿತ್ತು. ಗದರಿದೆ. "ಇಷ್ಟು ವರ್ಷ ನನ್ನ ಸಾಲು ತಿದ್ದಿದ್ದೀರಲ್ಲ, ಈಗ ಗೊತ್ತಾಯ್ತಾ ಅದನ್ನ ಬರೆಯೋ ಕಷ್ಟ?" ತುಟಿ ನೋಡಿ ಅರ್ಥ ಮಾಡಿಕೊಂಡು ನಕ್ಕರು. ಹೊಸ ಕವಿತೆಗಳಲ್ಲಿ ಗೊತ್ತಿಲ್ಲದೆಯೇ ನಾನು ಕಷ್ಟದ ಅಕ್ಷರಗಳನ್ನು ಬಿಡತೊಡಗಿದೆ. ಈಚೆಗೆ ನಿಮ್ಮ ಕವಿತೆಗೆ ಚೆಂದದ ಸರಳತೆ ಬಂದಿದೆ ಎಂದು ಬೆಂಗಳೂರಿನ ಸಂಪಾದಕರೊಬ್ಬರು ಫೋನಿನಲ್ಲಿ ಹೊಗಳಿದರು. ನಾನು ಕಾರಣ ಹೇಳಲಿಲ್ಲ.

ಒಂದು ದಿನ ಹೊಸ ಕವಿತೆಯ ಹಾಳೆಯನ್ನು ಅವರ ಮುಂದಿಟ್ಟೆ. ಬೆರಳು ಇಡಲಿಲ್ಲ. ತುಟಿ ಅಲ್ಲಾಡಲಿಲ್ಲ. ಕಣ್ಣು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯಿತು, ನಡುವಿನ ಖಾಲಿ ಜಾಗದಲ್ಲಿ ತಾನಾಗಿ ನಿಂತಿತು, ಮತ್ತೆ ಇಳಿಯಿತು. ನಾನು ನೋಡುತ್ತಿದ್ದೆ. ಮುಗಿಸಿ ಕೆಳಗಿನಿಂದ ಎರಡನೆಯ ಸಾಲು ತೋರಿಸಿ, "ಇದು ಉದ್ದ ಆಯ್ತು ಮಾ," ಅಂದರು. ಜನ್ಮದಲ್ಲಿ ಮೊದಲ ಸಲ ನನ್ನ ಸಾಲು ಕೆಟ್ಟಿದೆ ಎಂದದ್ದಕ್ಕೆ ಸಂತೋಷಪಟ್ಟೆ. ಗೆದ್ದೆವು ಅಂದುಕೊಂಡೆ. ಅವತ್ತು ಪಾಯಸ ಮಾಡಿದೆ.

ಆಮೇಲೆ ಅವರು ನನ್ನ ಹಳೆಯ ಪುಸ್ತಕಗಳನ್ನೂ ತೆಗೆದು ಓದಿದರು, ಒಬ್ಬರೇ, ಬಾಲ್ಕನಿಯಲ್ಲಿ ಕೂತು. ಆ ತಿಂಗಳಲ್ಲಿ ನಮ್ಮ ಮನೆ ಮತ್ತೆ ಮನೆಯಾಗಿತ್ತು. ಕಳೆದ ವಾರ ಬೆಳಿಗ್ಗೆ ಅಡುಗೆಮನೆಗೆ ಬಂದರು. ಕೈಯಲ್ಲಿ ನಾನು ಹಿಂದಿನ ದಿನ ಕೊಟ್ಟಿದ್ದ ಕವಿತೆ. ಸ್ಟೂಲಿನ ಮೇಲೆ ಕೂತು ಹಾಳೆಯನ್ನು ಮಡಿಸಿದರು, ಬಿಡಿಸಿದರು. ಏನೆಂದು ಹುಬ್ಬಿನಲ್ಲೇ ಕೇಳಿದೆ.

"ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಅಂದರು. ಅವರ ದನಿ ಈಗೀಗ ಅವರಿಗೇ ಗೊತ್ತಾಗದೆ ಒಮ್ಮೆ ಜೋರು, ಒಮ್ಮೆ ಮೆಲ್ಲಗೆ. "ಮೊದಮೊದಲು ಒಂದೊಂದೇ ಅಕ್ಷರ ಕೂಡಿಸಿ ಓದೋವಾಗ ಒಳಗೆ ನೀನೇ ಹೇಳ್ತಿದ್ದೆ. ನಿನ್ನ ದನೀನೇ ಕೇಳ್ತಿತ್ತು. ಅದಕ್ಕೇ ಅಷ್ಟು ಆಸೆಯಿಂದ ಕಲಿತೆ. ಈಗ ಓದಕ್ಕೆ ಸಲೀಸಾಗಿ ಬರತ್ತೆ. ಆದರೆ ನನ್ನ ದನೀಲೇ ಕೇಳತ್ತೆ ಮಾ. ನಿಂದು ಬರಲ್ಲ. ಎಷ್ಟೋ ದಿನದಿಂದ ಹುಡುಕ್ತಾ ಇದೀನಿ. ಹಳೇದೆಲ್ಲ ಓದಿ ನೋಡಿದೆ. ನಿನ್ನ ದನಿ ಹೇಗಿತ್ತು ಅಂತಾನೇ ಮರೆತುಹೋಗಿದೆ."

ಒಲೆ ಆರಿಸಿದೆ. ಅವರ ಎದುರಿಗೆ ನೆಲದ ಮೇಲೆ ಕೂತೆ. ಅವರ ಕೈಯಲ್ಲಿದ್ದ ಕವಿತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ನನ್ನ ಶಕ್ತಿಯಿದ್ದಷ್ಟು ಜೋರಾಗಿ. ಪಕ್ಕದ ಮನೆಯವರು ಏನೋ ಆಯಿತೆಂದು ಬಾಗಿಲು ತೆಗೆದದ್ದು ಕೇಳಿಸಿತು. ಅವರು ರೆಪ್ಪೆ ಹೊಡೆಯದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದರು.

"ತುಟಿ ಕಾಣಿಸ್ತು ಮಾ," ಅಂದರು. "ದನಿ ಬರ್ಲಿಲ್ಲ."

ನಾನು ಇನ್ನೊಂದು ಸಲ ಹೇಳಿದೆ.